ಬೋರ್ಡು ಹಿಡಿದ ಕೈ

ಕೆ. ಹೊಸಕೋಟೆ
೨೪ ಮಾರ್ಚ್ ೨೦೨೬

ಪ್ರೀತಿಯ ಜಬೀನ್,

‘ಹೊರಟಲ್ಲಿಗೇ ಮರಳುವ ದಾರಿಗೆ ದೂರವಿಲ್ಲ.’ ಹೀಗೊಂದು ಸಾಲಿತ್ತಲ್ಲವೇ? ಮೈಸೂರಿನ ಹಾಸ್ಟೆಲ್ ತಾರಸಿಯಲ್ಲಿ ಕೂದಲು ಒಣಗಿಸುತ್ತಾ ನೀನು ಓದಿ ಹೇಳಿದ್ದು. ಯಾರದ್ದೆಂದು ಕೇಳಿದರೆ ನಕ್ಕುಬಿಟ್ಟಿದ್ದೆ. ನಿನ್ನದೇ ಇರಬೇಕೆಂದು ನನಗೆ ಇವತ್ತಿಗೂ ಅನುಮಾನ. ‘ದೂರವಿಲ್ಲ’ ಎಂದಿತ್ತೋ ‘ದಣಿವಿಲ್ಲ’ ಎಂದಿತ್ತೋ, ಅದೂ ಸರಿಯಾಗಿ ನೆನಪಿಲ್ಲ. ಎರಡೂ ಸುಳ್ಳು ಕಣೇ. ಹೊರಟಲ್ಲಿಗೇ ಮತ್ತೆ ಮತ್ತೆ ಮರಳುವ ದಾರಿಯನ್ನು ಕಳೆದ ವರ್ಷ ಸಾಕಷ್ಟು ನೋಡಿದೆ. ಅದಕ್ಕೆ ದೂರವೂ ಇದೆ, ದಣಿವೂ ಇದೆ.

ನಿನ್ನ ಪತ್ರಗಳು ಬಂದು ಮೇಜಿನ ಮೇಲೆ ಕೂತಿವೆ. ಇಷ್ಟು ದಿನ ಉತ್ತರ ಬರೆಯದ್ದಕ್ಕೆ ಕ್ಷಮಿಸು. ಪೆನ್ನು ಹಿಡಿದಾಗೆಲ್ಲ ಮೊದಲ ಸಾಲಿನಲ್ಲೇ ದೇವೇಂದ್ರ ಬಂದು ನಿಲ್ಲುತ್ತಿದ್ದರು. ಅವರನ್ನು ‘ಇದ್ದರು’ ಎಂದು ಬರೆಯುವುದಕ್ಕೆ ನನ್ನ ಕೈ ಒಗ್ಗಿರಲಿಲ್ಲ. ತಿಥಿಗೆ ಬರಲಾಗಲಿಲ್ಲವೆಂದು ನೀನು ಇನ್ನೂ ನೊಂದುಕೊಳ್ಳಬೇಡ. ಆಪರೇಷನ್ ಆದ ಕಾಲಿಟ್ಟುಕೊಂಡು ಮಂಗಳೂರಿನಿಂದ ಘಾಟಿ ಹತ್ತಿ ಬಾ ಎಂದು ನನ್ನ ಗಂಡ ಬದುಕಿದ್ದರೂ ಹೇಳುತ್ತಿರಲಿಲ್ಲ. ಮಂಡಿ ಈಗ ಮಡಚಲು ಬರುತ್ತದೆಯೇ? ನಮಾಜಿಗೆ ಕುರ್ಚಿಯೇ ಇಟ್ಟುಕೊಂಡಿದ್ದೀಯಾ?

ಇಲ್ಲಿ ಕಾಫಿ ಕೊಯ್ಲು ಮುಗಿಯಿತು. ಗಿಡ ಅರಳಿಸುವ ಹೂವಿನ ಮಳೆ ಈ ಸಲ ಹೇಳಿ ಕಳಿಸಿದ ಹಾಗೆ ಬಂತು. ಹೋದ ವಾರ ತೋಟವೆಲ್ಲ ಬೆಳ್ಳಗಾಗಿ ಬೆಳಗ್ಗೆ ಕಿಟಕಿ ತೆಗೆದರೆ ಮನೆಯೊಳಗೆಲ್ಲ ಘಮ. ‘ಬನ್ರೀ ಇಲ್ಲಿ’ ಎಂದು ಕರೆಯಲು ಬಾಯಿ ತೆರೆದೆ, ಮುಚ್ಚಿಕೊಂಡೆ. ಪೂಜಿತಾಳ ಎರಡನೇ ಪಿಯುಸಿ ಪರೀಕ್ಷೆ ಮುಗಿದಿದೆ. ಹೇಗೆ ಬರೆದೆ ಎಂದರೆ ‘ಬರ್ದಿದೀನಮ್ಮ’ ಅನ್ನುತ್ತಾಳೆ. ಅಷ್ಟೇ.

ಈಗ ವಿಷಯಕ್ಕೆ ಬರುತ್ತೇನೆ. ಈ ಪತ್ರ ನಿನಗೆ, ಆದರೆ ನಿನ್ನ ತಮ್ಮ ಜಮೀರನಿಗಾಗಿ. ಅವನು ತಿಥಿಯ ದಿನ ನಮ್ಮ ಮನೆಯಿಂದ ಹೋದವನು ಈವರೆಗೆ ಈ ಕಡೆ ತಲೆ ಹಾಕಿಲ್ಲ. ಜನವರಿಯಲ್ಲಿ ನಿಮ್ಮಮ್ಮ ಬೀಬಿಜಾನಮ್ಮ ಸಕಲೇಶಪುರದಿಂದ ಆಟೋ ಮಾಡಿಕೊಂಡು ಬಂದು ನನ್ನ ಕೈ ಹಿಡಿದು ಕೂತರು. ‘ಗ್ಯಾರೇಜ್ ಬಾಗ್ಲು ತೆಗೀತಾನೆ, ಕೆಲ್ಸಾನೂ ಮಾಡ್ತಾನೆ. ನಿಮ್ಮೂರ ಕಡೆ ಗಾಡಿ ಕೆಟ್ಟು ನಿಂತೈತೆ ಅಂದ್ರೆ ಮಾತ್ರ ಬ್ಯಾರೆಯವ್ರನ್ನ ಕಳಿಸ್ತಾನೆ. ಯಾಕಮ್ಮಾ?’ ಎಂದು ಕೇಳಿದರು. ಆ ತಾಯಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ನಿನಗೆ ಹೇಳುತ್ತೇನೆ.

ಪೂಜಿಗೆ ಗಾಡಿಯ ಹುಚ್ಚು ಹತ್ತಿದ್ದು ನಮ್ಮ ಕಾಫಿ ಕಣದಲ್ಲಿ ಎನ್ನುವುದು ನಿನಗೆ ಗೊತ್ತಿರುವುದೇ. ಮಾರ್ಚಿನಲ್ಲಿ ಒಣಗಿದ ಕಾಫಿಯೆಲ್ಲ ಮೂಟೆಯಾಗಿ ಸ್ಟೋರ್ ಸೇರಿತೆಂದರೆ ಆ ಅಗಲದ ಸಿಮೆಂಟ್ ಕಣ ಮಳೆಗಾಲದವರೆಗೂ ಖಾಲಿ. ದೇವೇಂದ್ರ ಖಾಲಿ ಗೋಣಿಚೀಲಗಳನ್ನು ಸುತ್ತಿ ಸುತ್ತಿ ಇಟ್ಟು ತಿರುವು ಮಾಡುತ್ತಿದ್ದರು. ಜಮೀರ್ ಹಳೆಯ ಸ್ಕೂಟರಿನ ಎಂಜಿನ್ನಿಗೆ ಕಬ್ಬಿಣದ ಪೈಪು ಬೆಸೆದು ಒಂದು ಪುಟ್ಟ ಗಾಡಿ ಮಾಡಿಕೊಟ್ಟ. ಕಣಕ್ಕೆ ನೀರು ಹೊಡೆದು ಜಾರುವ ಹಾಗೆ ಮಾಡಿ ಅಪ್ಪ, ‘ಜಾರ್ದಾಗ ಬ್ರೇಕ್ ಮುಟ್ಬ್ಯಾಡ ಕಣೇ, ಹೋಗ್ಬೇಕಾದ ಕಡೆ ನೋಡು’ ಎಂದು ಕೂಗುತ್ತಿದ್ದರು. ಪಕ್ಕದ ತೋಟದ ಸಿದ್ದಬಸಪ್ಪನವರು ಊಟ ಮಾಡಿ ಮಲಗುವ ಹೊತ್ತಿಗೇ ಇದೆಲ್ಲ. ಅವರು ಬೇಲಿಯ ಹತ್ತಿರ ಬಂದು ಕೋಲು ಕುಟ್ಟಿ, ಹೆಣ್ಣುಮಗಳಿಗೆ ಗಾಡಿ ಕಲಿಸುವುದಾದರೆ ಕಲಿಸಲಿ, ಅದು ಎಲ್ಲಿಗಾದರೂ ಹೋಗುವ ಗಾಡಿ ಆಗಿರಲಿ, ಇದೇನು ಗಾಣದೆತ್ತಿನ ಹಾಗೆ ಇದ್ದಲ್ಲೇ ಸುತ್ತುವುದು ಎಂದು ಬೈದು ಹೋಗುತ್ತಿದ್ದರು. ವರ್ಷಕ್ಕೊಂದಾದರೂ ಜಗಳ.

ಹಾಗೆ ಕಲಿತವಳು ಹೋದ ವರ್ಷ ರಾಷ್ಟ್ರೀಯ ಚಾಂಪಿಯನ್‌ಶಿಪ್ಪಿನ ಜೂನಿಯರ್ ವಿಭಾಗಕ್ಕೆ ಆಯ್ಕೆಯಾದಳು. ಒಬ್ಬರೇ ಕೂರುವ, ಮೇಲೆ ಸೂರಿಲ್ಲದ, ಚಕ್ರಗಳೆಲ್ಲ ಹೊರಗೇ ಕಾಣುವ ಕಾರು. ಅದರೊಳಗೆ ಅವಳು ಮಲಗಿದ ಹಾಗೆ ಕೂತು ಬೆಲ್ಟು ಬಿಗಿಸಿಕೊಳ್ಳುವುದನ್ನು ಮೊದಲ ಸಲ ನೋಡಿದಾಗ ನನಗೆ ತೊಟ್ಟಿಲು ನೆನಪಾಯಿತು. ರೇಸುಗಳೆಲ್ಲ ತಮಿಳುನಾಡಿನಲ್ಲಿ. ಪಿಕಪ್ಪಿನಲ್ಲಿ ದೇವೇಂದ್ರ, ಜಮೀರ್, ಪೂಜಿ, ಒಂದೆರಡು ಸಲ ನಾನು. ಮೊದಲ ರೇಸಿನಲ್ಲಿ ಹಿಂದಿನಿಂದ ಎಣಿಸುವುದೇ ಸುಲಭವಾಗಿತ್ತು. ಬೆಂಗಳೂರಿನ ಹುಡುಗ ಚಂದನ್, ಎಲ್ಲರಿಗಿಂತ ಮುಂದಿದ್ದವನು, ‘ಕಾಫಿ ಒಣಗ್ಸೋ ಜಾಗದಲ್ಲಿ ಪ್ರಾಕ್ಟೀಸಂತೆ ಇವ್ರದು’ ಎಂದು ಗೆಳೆಯರಿಗೆ ಹೇಳಿದ್ದು ಇವಳ ಕಿವಿಗೆ ಬಿತ್ತು. ‘ಬಾ ಮಾರಾಯ, ನಮ್ ಕಣದಲ್ಲಿ ಒಂದ್ ರೌಂಡ್ ಹೊಡಿ. ಸೀದಾ ಗೊಬ್ಬರದ ಗುಂಡಿಗೆ ಹೋಗ್ತೀಯ’ ಎಂದಳಂತೆ. ಮುಂದಿನ ರೇಸಿನ ದಿನ ಮಳೆ ಬಂತು. ಒದ್ದೆ ಟ್ರ್ಯಾಕಿನಲ್ಲಿ ಎಲ್ಲರೂ ಜಾರಿ ಹುಲ್ಲಿಗೆ ಬಿದ್ದರೆ ಇವಳು ಕಣದಲ್ಲಿ ತಿರುಗಿದ ಹಾಗೆ ತಿರುಗಿ ಮೊದಲು ಬಂದಳು. ಚಂದನ್ ತಾನಾಗಿ ಬಂದು ಗೊಬ್ಬರದ ಗುಂಡಿ ಎಲ್ಲಿದೆ ಎಂದು ಕೇಳಿದನಂತೆ. ಒಳ್ಳೆಯ ಹುಡುಗ. ತಿಥಿಗೂ ಬಂದಿದ್ದ, ಎಲೆಯ ಮುಂದೆ ತಲೆ ತಗ್ಗಿಸಿ ಕೂತು ಏನನ್ನೂ ಬಿಡದೆ ಉಂಡ.

ಕಾರು ಓಡುವಾಗ ಅದರಲ್ಲಿರುವವರಿಗೆ ತಾವು ಎಷ್ಟನೆಯವರು, ಇನ್ನೆಷ್ಟು ಸುತ್ತು ಉಳಿದಿದೆ ಎಂದು ತಿಳಿಸಲು ಟ್ರ್ಯಾಕಿನ ಗೋಡೆಯ ಪಕ್ಕ ಒಬ್ಬರು ಬೋರ್ಡು ಹಿಡಿದು ನಿಲ್ಲುತ್ತಾರೆ. ಆ ಕೆಲಸವನ್ನು ದೇವೇಂದ್ರ, ಪೂಜಿಗೆ ಕಾರು ಕೊಟ್ಟ ತಂಡದವರನ್ನು ಕಾಡಿಬೇಡಿ ತಮ್ಮದು ಮಾಡಿಕೊಂಡಿದ್ದರು. ಪೂಜಿ ಒಂದೊಂದು ಸುತ್ತು ಬಂದಾಗಲೂ ಅವಳಿಗೆ ಕಾಣುವುದು ಕಣ್ಣು ಮಿಟುಕಿಸುವಷ್ಟು ಹೊತ್ತು ಒಂದು ಬೋರ್ಡು, ಅದರ ಹಿಂದೆ ಅಪ್ಪ.

ನವೆಂಬರಿನ ಕೊನೆಯ ರೇಸಿಗೆ ನಾನು ಹೋಗಲಿಲ್ಲ. ಇಲ್ಲಿ ಅರೇಬಿಕಾ ಹಣ್ಣಾಗಿ ಉದುರುತ್ತಿತ್ತು. ಅಂದು ಚಂದನ್‌ಗಿಂತ ಮುಂದೆ ಬಂದರೆ ವರ್ಷದ ಚಾಂಪಿಯನ್ ಪೂಜಿ. ರೇಸು ಅರ್ಧದಲ್ಲಿ ನಿಂತುಹೋದರೆ ಅಂಕಗಳೂ ಅರ್ಧ, ಅಷ್ಟು ಸಾಲುತ್ತಿರಲಿಲ್ಲ. ಬೆಳಗ್ಗೆ ಫೋನಿನಲ್ಲಿ ದೇವೇಂದ್ರ ಇದನ್ನೆಲ್ಲ ನನಗೆ ಬಿಡಿಸಿ ಹೇಳಿ, ಕೆಲಸದವರಿಗೆ ಮಧ್ಯಾಹ್ನ ಪಾಯಸ ಮಾಡಿಸು ಎಂದರು. ಮಾಡಿಸಿದ್ದೆ.

ಮಿಕ್ಕದ್ದು ಜಮೀರ್ ಹೇಳಿದ್ದು. ತಿಥಿಯ ದಿನ ನೆಂಟರೆಲ್ಲ ಹೋದ ಮೇಲೆ ನಮ್ಮ ಹಿತ್ತಲಿನಲ್ಲಿ ನಿಂತು, ನನ್ನ ಮುಖ ನೋಡದೆ ಹೇಳಿದ. ರೇಸು ಅರ್ಧ ದಾಟುವ ಮೊದಲೇ ದೇವೇಂದ್ರ ಬೋರ್ಡು ಕೆಳಗಿಟ್ಟು ಹಿಂದೆ ಹೋಗಿ ಟೈರುಗಳ ಮೇಲೆ ಕೂತರಂತೆ. ಅಂಗಿ ಪೂರಾ ಒದ್ದೆ, ಎಡಗೈ ಹಿಡಿದುಕೊಂಡಿದ್ದರಂತೆ. ಜಮೀರನಿಗೆ ಅರ್ಥವಾಗಿದೆ. ಟ್ರ್ಯಾಕಿನ ಆಂಬುಲೆನ್ಸ್ ಅಲ್ಲೇ ಕಣ್ಣೆದುರು ನಿಂತಿತ್ತು. ಅದರ ಕಡೆ ಓಡಲು ಹೊರಟವನ ಅಂಗಿಯ ತುದಿ ಹಿಡಿದು ಎಳೆದರಂತೆ.

‘ಬ್ಯಾಡ ಕಣೋ ಜಮೀರ್. ಅದು ಗೇಟ್ ದಾಟಿದ್ರೆ ರೇಸ್ ನಿಲ್ಲಿಸ್ತಾರೆ.’

ಅದು ಅಲ್ಲಿನ ನಿಯಮ ಜಬೀನ್. ಆಂಬುಲೆನ್ಸ್ ಇಲ್ಲದೆ ಕಾರು ಓಡಿಸುವ ಹಾಗಿಲ್ಲ. ಮಕ್ಕಳ ಜೀವ ಉಳಿಯಲೆಂದು ಮಾಡಿದ ನಿಯಮ. ಅದನ್ನು ಚೆನ್ನಾಗಿ ತಿಳಿದಿದ್ದರಿಂದಲೇ ದೇವೇಂದ್ರ ಹಾಗೆ ಕೂತರು. ಹಾಗಾದರೆ ಪಿಕಪ್ಪಿನಲ್ಲೇ ಹೋಗೋಣ ದೇವಣ್ಣ ಎಂದು ಜಮೀರ್ ಅಂಗಲಾಚಿದನಂತೆ. ಅದಕ್ಕೆ ಅವರು, ‘ನೀನೂ ಬಂದ್ಬುಟ್ರೆ ಬೋರ್ಡ್ ಯಾರು ಹಿಡಿಯೋದು? ಮಗು ನೋಡ್ತದೆ. ಗ್ಯಾಸು ಮಾರಾಯ, ಬೆಳಗ್ಗೆ ಪೊಂಗಲ್ ಜಾಸ್ತಿ ಆಗೈತೆ. ಹೋಗು, ಹಿಡ್ಕೊ’ ಎಂದರಂತೆ.

ಜಮೀರ್ ಹೋಗಿ ಹಿಡಿದುಕೊಂಡ. ಪ್ರತಿ ಸುತ್ತಿಗೂ ಹಿಂದೆ ತಿರುಗಿ ನೋಡುತ್ತಾ ಹಿಡಿದುಕೊಂಡು ನಿಂತ. ಬಾವುಟ ಬಿದ್ದು ಪೂಜಿ ಚಂದನ್‌ಗಿಂತ ಮುಂದೆ ಗೆರೆ ದಾಟಿದ ಕೂಡಲೇ ಓಡಿದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಸ್ವಲ್ಪ ಮೊದಲೇ ಬಂದಿದ್ದರೆ ಎಂದು ಡಾಕ್ಟರು ಅವನಿಗೆ ಹೇಳಿದರೋ ಇಲ್ಲವೋ, ಅದನ್ನು ಅವನು ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ಅಂದು ನಾನು ಒಂದು ಮಾತೂ ಆಡದೆ ಒಳಗೆ ಹೋದೆ. ಸಿಟ್ಟಿತ್ತು, ಯಾರ ಮೇಲೆಂದು ತಿಳಿಯದ ಸಿಟ್ಟು. ಆ ಮೌನವನ್ನು ಅವನು ತನ್ನ ಮೇಲಿನ ತೀರ್ಪೆಂದು ಹೊತ್ತುಕೊಂಡು ಹೋಗಿದ್ದಾನೆ. ದೇವೇಂದ್ರ ಒಂದು ಮಾತು ಹಿಡಿದರೆ ಬಿಡುವವರಲ್ಲ, ಅವರನ್ನು ಹೊತ್ತೊಯ್ದಿದ್ದರೂ ಗೇಟಿನಲ್ಲಿ ಇಳಿದು ನಡೆದು ವಾಪಸು ಬರುತ್ತಿದ್ದರು ಎಂದು ಅವನಿಗೆ ಹೇಳು. ನಾನೇ ಫೋನು ಮಾಡಿದೆ, ಎತ್ತುವುದಿಲ್ಲ. ಅಕ್ಕ ಹೇಳಿದರೆ ಕೇಳುತ್ತಾನೆ. ಇನ್ನೊಂದು ಮಾತು: ಕಣದ ಗಾಡಿಯ ಕಾರ್ಬ್ಯುರೇಟರ್ ತೊಳೆದುಕೊಡುತ್ತೇನೆಂದು ಅಕ್ಟೋಬರಿನಲ್ಲಿ ಬಿಚ್ಚಿಕೊಂಡು ಹೋಗಿದ್ದ. ಅದು ಇನ್ನೂ ಅವನ ಗ್ಯಾರೇಜಿನಲ್ಲೇ ಇದೆ, ಅದಿಲ್ಲದೆ ಎಂಜಿನ್ ಏಳುವುದಿಲ್ಲ. ಗಾಡಿ ಸ್ಟೋರಿನಲ್ಲಿ ಟಾರ್ಪಾಲಿನಡಿ ಇದೆ. ಪೂಜಿ ಅದನ್ನು ಕೇಳಿಲ್ಲ, ಈ ವರ್ಷದ ರೇಸಿಗೆ ತಂಡದವರು ಕರೆದರೆ ಉತ್ತರವನ್ನೂ ಕೊಟ್ಟಿಲ್ಲ. ಅವಳು ಮತ್ತೆ ಓಡಿಸಬೇಕೆಂದು ನನಗೆ ಹಟವಿಲ್ಲ. ಆದರೆ ರೇಸು ಬಿಟ್ಟುಬಿಡುವುದಾದರೆ, ಓಡುವ ಸ್ಥಿತಿಯಲ್ಲಿ ಆ ಗಾಡಿ ಕಣ್ಣ ಮುಂದೆ ಇದ್ದಾಗ, ಅವಳೇ ಬಿಟ್ಟುಬಿಡಲಿ. ಕಾರ್ಬ್ಯುರೇಟರ್ ಕೊಡುವ ನೆಪದಲ್ಲಾದರೂ ಬಾ ಎಂದು ಹೇಳು.

ಮಕ್ಕಳಿಗೆ ನನ್ನ ಆಶೀರ್ವಾದ, ನಿನ್ನ ಯಜಮಾನರಿಗೆ ನಮಸ್ಕಾರ. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೋ. ದೇವರು ನಿನ್ನನ್ನು ನೋವಿಲ್ಲದೆ ನಡೆಸಲಿ.

ನಿನ್ನ
ಚೈತ್ರಶ್ರೀ

ಮರೆತ ಮಾತು:

ಮರೆತದ್ದೇನಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಜಮೀರ್ ಹೇಳಿದ್ದನ್ನು ಪೂಜಿಗೆ ತಿಳಿಸಬಾರದೆಂದು ನಾನು ಇಷ್ಟು ದಿನ ಬಾಯಿ ಕಟ್ಟಿಕೊಂಡಿದ್ದೆ. ಹೋದ ವಾರ ಇಬ್ಬರೂ ಕಣದಲ್ಲಿ ಕೊನೆಯ ಕಾಫಿ ಗುಡಿಸುತ್ತಿದ್ದೆವು. ಅವಳು ತಲೆ ಎತ್ತದೆ ಹೇಳಿದಳು:

‘ಅಪ್ಪ ಗೋಡೆ ಹತ್ರ ಇಲ್ಲ ಅಂತ ನಂಗೆ ಗೊತ್ತಿತ್ತಮ್ಮ.’

ಅಪ್ಪ ಬೋರ್ಡನ್ನು ಒಂದೇ ಕೈಯಲ್ಲಿ ಓರೆಯಾಗಿ ಹಿಡಿದು ಇನ್ನೊಂದು ಕೈಯಲ್ಲಿ ಗೋಡೆ ತಟ್ಟುತ್ತಿದ್ದರಂತೆ. ಅಂದು ಅದು ನೆಟ್ಟಗೆ ಬಂದಿತ್ತು, ಎರಡು ಕೈ ಕಾಣಿಸುತ್ತಿತ್ತು. ಹಾಗೆ ಕಂಡ ಮೊದಲ ಸುತ್ತಿನಲ್ಲಿ, ಅಪ್ಪ ನೀರು ಕುಡಿಯಲು ಹೋಗಿರಬೇಕು ಎಂದುಕೊಂಡಳಂತೆ. ಆಮೇಲಿನ ಸುತ್ತಿನಲ್ಲೂ ಎರಡೇ ಕೈ. ಅದರ ಮುಂದಿನದಕ್ಕೆ ಗೊತ್ತಾಯಿತಂತೆ.

‘ಎಂಥದ್ದೋ ಆಗೈತೆ ಅಂತ ಗೊತ್ತಾಯ್ತು. ಕಾರು ಒಳಗೆ ತಗೊಂಡ್ ಬರ್ಬೋದಿತ್ತು. ಚಂದನ್ ಹಿಂದೇನೇ ಇದ್ದ. ಬರ್ಲಿಲ್ಲ.’

ನಾನು ಪೊರಕೆ ಹಿಡಿದೇ ಬಗ್ಗಿ ಕಾಳು ಆರಿಸುತ್ತಲೇ ಇದ್ದೆ. ಅವಳೇ ಬಂದು ನನ್ನ ಕೈಯಿಂದ ಪೊರಕೆ ತೆಗೆದುಕೊಂಡಳು.

ಇದಿಷ್ಟನ್ನು ಬರೆಯುತ್ತಿರುವಾಗ ಸಿದ್ದಬಸಪ್ಪನವರು ಬಾಗಿಲಲ್ಲಿ ಬಂದು ನಿಂತರು. ಸಂಕ್ರಾಂತಿಗೆ ಮೊದಲು ಒಯ್ದಿದ್ದ ಹಾರೆ ವಾಪಸು ತಂದಿದ್ದರು. ಅದನ್ನು ಗೋಡೆಗೆ ಒರಗಿಸಿ, ಹೋಗದೆ, ಖಾಲಿ ಕಣದ ಕಡೆ ನೋಡುತ್ತಾ ನಿಂತರು. ಪೂಜಿ ಒಳಗಿದ್ದಾಳೆಯೇ ಎಂದು ಕೇಳಿದರು. ಇದ್ದಾಳೆ, ಕರೆಯಲೇ ಎಂದೆ. ಬೇಡವೆಂದು ಕೈ ಆಡಿಸಿದರು.

‘ಕಣ ಖಾಲಿಯಾಗಿ ವಾರಾಯ್ತು, ಇನ್ನೂ ಗಾಡಿ ಸದ್ದೇ ಇಲ್ವಲ್ಲವ್ವ’ ಎಂದರು. ‘ಮಗೀಗೆ ಹೇಳು, ನಾನೀಗ ಮಧ್ಯಾಹ್ನ ಮಲ್ಗಾಕಿಲ್ಲ.’