ಕಲ್ಲಿನ ಮೇಲೆ ಇಬ್ಬರ ಹೆಸರು

ಡಾಬಕಾ, ತಾಲ್ಲೂಕು ಔರಾದ
೨೬ ಅಕ್ಟೋಬರ್ ೧೯೪೯

ಪ್ರೀತಿಯ ಗೆಳತಿ ಕೌಸಲ್ಯಾಳಿಗೆ ಜನಾಬಾಯಿಯ ನಮಸ್ಕಾರ.

ಭಾಲ್ಕಿಯಲ್ಲಿ ನೀನು, ಮಾಸ್ತರರು, ಮಕ್ಕಳು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಕಾಗದ ಬಂದ ಮೇಲೆ ದಸರೆ ಹೋಯಿತು, ದೀಪಾವಳಿಯೂ ಹೋಯಿತು, ನನ್ನ ಉತ್ತರ ಮಾತ್ರ ಬರಲಿಲ್ಲ. ಸಿಟ್ಟಾಗಬೇಡ. ಬರೆಯಲು ಕೂತಾಗಲೆಲ್ಲ ನಾಲ್ಕು ಸಾಲು ಬರೆದು ಹರಿದು ಹಾಕುತ್ತಿದ್ದೆ. ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸುತ್ತಿದ್ದ ನಮ್ಮ ಸಾಲೆಯಲ್ಲಿ ನನ್ನ ಅಕ್ಷರ ನೋಡಿ, "ಕುರಿ ಹಿಕ್ಕಿ ಚೆಲ್ಲಿದಂಗ ಅದ" ಎಂದು ನಗುತ್ತಿದ್ದೆಯಲ್ಲ? ಇದನ್ನು ನೋಡಿ ಇನ್ನಷ್ಟು ನಗು. ಕುರುಬರ ಹುಡುಗಿಯ ಅಕ್ಷರ ಮತ್ತೆ ಹೇಗಿರಬೇಕು?

ಮೊದಲು ಒಳ್ಳೆಯ ಸುದ್ದಿ. ನನ್ನ ಮಗಳು ಶಾಲು ಮತ್ತೆ ಬಸುರಿ. ಕಾರ್ತಿಕ ಕಳೆಯುವುದರೊಳಗೆ ಕುಬುಸ ಮಾಡುತ್ತೇವೆಂದು ಮೆಹಕರದಿಂದ ಬೀಗರು ಹೇಳಿಕಳಿಸಿದ್ದಾರೆ. ಹೋದ ಸಲ ಕೂಸು ನಿಲ್ಲಲಿಲ್ಲ, ನಿನಗೆ ಗೊತ್ತು. ಅಂದಿನಿಂದ ಹುಡುಗಿ ತನ್ನ ನೆರಳಿಗೂ ಅಂಜುತ್ತಾಳೆ. "ಅವ್ವಾ, ಈ ಸಲ ನೀನೇ ಬಂದು ಹಸಿರು ಬಳಿ ಇಡಿಸಿ ಉಡಿ ತುಂಬಬೇಕು. ನಿನ್ನ ಕೈ ಹತ್ತಿದ್ರ ನನ್ನ ಕೂಸು ಉಳಿತದ" ಎಂದು ಬಂದವರ ಕೈಯಲ್ಲಿ ಹೇಳಿಸಿದ್ದಾಳೆ. ಉಡಿ ತುಂಬುವ ಕೈ ಮುತ್ತೈದೆಯದಾಗಿರಬೇಕು. ಅಲ್ಲಿಯೇ ನೋಡು ನನ್ನ ಅಂಜಿಕೆ ಶುರುವಾಗುವುದು.

ನಮ್ಮೂರ ಗಡಿಯ ಕರೋಡಗಿರಿ ನಾಕಾ ನೆನಪಿದೆಯಲ್ಲ? ನಿಜಾಮರ ಕಾಲದಲ್ಲಿ ಬಂಡಿ ನಿಲ್ಲಿಸಿ ಸುಂಕ ಕೀಳುತ್ತಿದ್ದ ಕಟ್ಟಡ. ಕಡೆಯ ವರ್ಷ ಅದರೊಳಗೆ ರಜಾಕಾರರು ಬಂದೂಕು ಹಿಡಿದು ಕೂತಿದ್ದರು. ಅದರ ಮುಂದೆ ಹಾಯುವಾಗ ನಾವು ಹೆಂಗಸರು ಸೆರಗನ್ನು ಮುಖದ ಮೇಲೆಳೆದುಕೊಂಡು ಉಸಿರು ಬಿಗಿಹಿಡಿದು ನಡೆಯುತ್ತಿದ್ದೆವು. ಪೋಲೀಸ್ ಆಕ್ಷನ್ ಆದ ಮೇಲೆ ಅದು ಹಾಳು ಬಿದ್ದಿತ್ತು. ಈಗ ಸುಣ್ಣ ಹೊಡೆದು ಊರ ಚಾವಡಿ ಮಾಡುತ್ತಿದ್ದಾರೆ, ಒಳಗೆ ಸಾಲೆಯೂ ನಡೆಯುತ್ತದಂತೆ. ದೊಡ್ಡ ಲಡಾಯಿಗೆ ಹೋದ ಊರ ಸಿಪಾಯಿಯ ಹೆಸರನ್ನು ಅದಕ್ಕೆ ಇಟ್ಟು, ಬಾಗಿಲ ಮೇಲೆ ಕಲ್ಲು ಕೂಡಿಸಿ, ಔರಾದದಿಂದ ತಹಸೀಲ್ದಾರರನ್ನು ಕರೆಸುವ ಹುರುಪು ಎಲ್ಲರಿಗೂ. ಸಿಪಾಯಿ ಎಂದರೆ ಶಾಲೂನ ಅಪ್ಪ. ಅವರ ಹೆಸರನ್ನು ನಾನು ಬರೆಯುವುದಿಲ್ಲ. ಗಂಡನ ಹೆಸರು ಬಾಯಿಗೆ ತಂದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ನನ್ನವ್ವ ಹೇಳಿದ್ದನ್ನು ಇವತ್ತಿಗೂ ಮೀರಿಲ್ಲ.

ಪಟೇಲ ಹಣಮಂತಪ್ಪನವರು ನಾಲ್ಕು ಮಂದಿ ಹಿರಿಯರನ್ನು ಕರೆದುಕೊಂಡು ಮನೆಗೆ ಬಂದರು. "ನಿನ್ನ ಗಂಡನ ಸ್ಮಾರಕ ಮಾಡ್ತೇವ ತಂಗಿ. ನಿಮ್ಮ ಮನಿತನಕ್ಕ ದೊಡ್ಡ ಮಾನ" ಎಂದರು. ಸ್ಮಾರಕ ಎಂಬ ಮಾತು ಕೇಳಿದ್ದೇ ತಡ, ಕೈಯೊಳಗಿನ ಚಹಾದ ಬಟ್ಟಲನ್ನು ನೆಲಕ್ಕಿಟ್ಟೆ.

"ಸ್ಮಾರಕ ಸತ್ತವರಿಗಲ್ಲೇನ್ರಿ ಮಾಡೂದು?" ಎಂದೆ.

ನನ್ನ ಅತ್ತೆ ಅಂಜನಾಬಾಯಿ ಒಳಗಿನಿಂದಲೇ ಅಂದರು: "ಸತ್ತವನ ಹೆಸರಿಲೆ ಕಲ್ಲು ನಿಂತ್ರ, ಅದರ ಮುಂದ ಹೇಣ್ತಿ ಬಳಿ ಒಡಿಬೇಕ್ರಿ. ಅದು ನಮ್ಮ ಕುಲದ ಪದ್ಧತಿ. ನನ್ನ ಮಗಾ ಸತ್ತಾನಂತ ನೋಡಿದವರು ಯಾರ್ರಿ?"

ಯಾರೂ ನೋಡಿಲ್ಲ ಕೌಸಲ್ಯಾ. ಬರ್ಮಾದಿಂದ ಕಾಗದ ನಿಂತಿತು, ಅಷ್ಟೇ. ತಾರೂ ಬರಲಿಲ್ಲ. ಹೋಗುವ ದಿನ ಅವರು ಹೆಗಲ ಮೇಲೆ ಕಂಬಳಿ ಹಾಕಿಕೊಂಡಿದ್ದರು. ಫೌಜಿನಲ್ಲಿ ಕಂಬಳಿ ಕೊಡುವುದಿಲ್ಲವೇ ಎಂದು ನಾನು ಚೇಷ್ಟೆ ಮಾಡಿದೆ. "ಕುರುಬನ ಹೆಗಲಿಂದ ಕಂಬಳಿ ಇಳಿಯೂದು ಮಣ್ಣಿಗೆ ಹೋದಾಗ" ಎಂದು ನಕ್ಕರು. ಆ ನಗುವಿನ ಮೇಲೆ ಇಷ್ಟು ವರ್ಷ ಬದುಕಿದ್ದೇನೆ.

ಅದಕ್ಕಿಂತ ಹೆಚ್ಚಾಗಿ ಅವರ ಊರ ಗೆಳೆಯ ಬಾಬುಮಿಯಾನ ಮಾತಿನ ಮೇಲೆ. ಅವರಿಬ್ಬರೂ ಕೂಡಿಯೇ ಲಡಾಯಿಗೆ ಹೋದವರು. ಬಾಬುಮಿಯಾ ಒಂದು ಕಾಲು ಎಳೆಯುತ್ತಾ ತಿರುಗಿ ಬಂದ. ಕೇಳಿದಾಗಲೆಲ್ಲ ಒಂದೇ ಮಾತು: "ಜೀವಂತ ಅದಾನ್ರಿ ಭಾಭಿ, ಬೇರೆ ಪಲಟನಿಗೆ ಹಾಕಿದ್ರು, ಬರ್ತಾನ." ಹೋದ ವರ್ಷ ಹಿಂದ್ ಸರಕಾರದ ಫೌಜು ಬಂತಲ್ಲ, ಆಗ ರಜಾಕಾರರು ಓಡಿಹೋದರು, ಊರವರ ಸಿಟ್ಟು ಊರಲ್ಲೇ ಉಳಿದ ಮುಸಲ್ಮಾನರ ಮೇಲೆ ಬಿತ್ತು. ಬಾಬುಮಿಯಾ ಯಾರಿಗೂ ಏನೂ ಮಾಡಿದವನಲ್ಲ. ಆದರೂ ಅವನ ಬಾಗಿಲು ಒಡೆದರು. ಹೆಂಡತಿಯನ್ನು ಕರೆದುಕೊಂಡು ಬೀದರಿನ ಹೊರಗೆ ನೌಬಾದಕ್ಕೆ ಓಡಿದ. ಬಾಗಿಲು ಒಡೆದವರಲ್ಲಿ ಇಬ್ಬರು ಆ ದಿನ ಪಟೇಲರ ಪಕ್ಕದಲ್ಲೇ ಕೂತು ನನ್ನ ಕೈಯ ಚಹಾ ಕುಡಿದರು. ನನಗೆ ಅವರ ಕೈಗಳನ್ನು ಬಿಟ್ಟು ಬೇರೆಲ್ಲೂ ನೋಡಲು ಆಗಲಿಲ್ಲ.

ಬೇಡ ಎನ್ನುವಂತೆಯೂ ಇರಲಿಲ್ಲ. ಅವರಲ್ಲೊಬ್ಬ ಎದ್ದು ಹೋಗುವಾಗ, "ನಿನ್ನ ಗಂಡ ನಿಜಾಮನ ಫೌಜು ಸೇರಿ ಅಲ್ಲೇ ಉಳದಾನಂತ ಮಂದಿ ಅಂತಾರ. ಹೆಸರು ಬ್ಯಾಡಂದ್ರ ಅದೇ ಖರೆ ಆಗ್ತದ ನೋಡು" ಎಂದ. ಮೆತ್ತಗೆ, ನಗುತ್ತಲೇ ಹೇಳಿದ. ಅಂದಿನಿಂದ ಹೊರಗೆ ನಾಯಿ ಬೊಗಳಿದರೂ ಒಳಗಿನ ಅಗುಳಿ ಹಾಕುತ್ತೇನೆ. ಹೂಂ ಎಂದರೆ ನನ್ನ ಬಾಯಿಂದಲೇ ನಾನು ರಂಡೆಯಾಗಿ ಶಾಲೂನ ಉಡಿಗೆ ಹೊರಗಾಗುತ್ತೇನೆ. ಊಹೂಂ ಎಂದರೆ ಈ ಊರು ನನ್ನ ಬಾಗಿಲನ್ನೂ ಉಳಿಸುವುದಿಲ್ಲ.

ರೊಟ್ಟಿ ಬಡಿಯುತ್ತಾ ಕೂತಾಗ ಒಂದು ವಿಚಾರ ಬಂತು. ಅತ್ತೆಗೆ ಕೇಳಿದೆ: "ಅತ್ತಿ, ಕಲ್ಲಿನ ಮ್ಯಾಲ ಜೀವಂತ ಇದ್ದವರ ಹೆಸರೂ ಇದ್ರ?" ಅತ್ತೆ, "ಹಂಗಿದ್ರ ಅದು ಸತ್ತವರ ಕಲ್ಲು ಹ್ಯಾಂಗ ಆಗ್ತದ? ಬಳಿ ಒಡಿಯೂ ಮಾತೇ ಇಲ್ಲ" ಎಂದರು. ಇಬ್ಬರು ಹೋದವರು, ಇಬ್ಬರ ಹೆಸರೂ ಇರಲಿ. ಬಾಬುಮಿಯಾ ಎಲ್ಲರೆದುರು ಬಂದು ಕಲ್ಲಿನ ಪಕ್ಕ ನಿಲ್ಲಲಿ.

ಇದನ್ನು ಅಂಜುತ್ತಲೇ ಪಟೇಲರ ಮುಂದೆ ಹೇಳಿದೆ. ಅವರೂ ಅಂಜಿದರು. "ಈಗ ಅವನ ಹೆಸರು ಎತ್ತಬ್ಯಾಡ ತಂಗಿ, ಇನ್ನಾ ಬೆಂಕಿ ಆರಿಲ್ಲ" ಎಂದರು. ಆಗ ಅತ್ತೆ ಕೋಲೂರಿಕೊಂಡು ಹೊರಗೆ ಬಂದು, "ಇಬ್ಬರನ್ನೂ ನಾನೇ ನಿಂತು ಕಳಿಸೇನ್ರಿ. ಬರದ್ರ ಇಬ್ಬರದೂ ಬರೀರಿ, ಇಲ್ಲಂದ್ರ ನನ್ನ ಮಗನ ಹೆಸರೂ ಬ್ಯಾಡ" ಎಂದರು. ಪಟೇಲರು ಬಹಳ ಹೊತ್ತು ಮೀಸೆ ತಿರುವಿ, "ಬಾಬುಮಿಯಾ ಬರೂದಾದ್ರ ನಾ ಅವನ ಬಾಜೂಕ ನಿಲ್ತೇನಿ" ಎಂದರು.

ಉಣ್ಣೆ ಮಾರಲು ಬೀದರಕ್ಕೆ ಹೋಗುವ ಹೆಂಗಸರ ಜೊತೆ ಮೋಟಾರು ಹತ್ತಿದೆ. ನೌಬಾದದಲ್ಲಿ ಬಾಗಿಲು ಬಡಿದಾಗ ಅವನ ಹೆಂಡತಿ, "ಮನ್ಯಾಗಿಲ್ರಿ" ಎಂದಳು. ಒಳಗೆ ಬಾಗಿಲ ಹಿಂದೆ ಯಾರೋ ಉಸಿರಾಡುವುದು ನನಗೆ ಕೇಳಿಸುತ್ತಿತ್ತು. "ಬಾಬು ಭಾಯಿ, ನಾ ಜನಾಬಾಯಿ" ಎಂದು ಕೂಗಿದೆ. ಬಾಗಿಲು ತೆರೆಯಿತು. ಎಂಥ ಆಳು ಹೇಗಾಗಿದ್ದಾನೆ! ನನ್ನನ್ನು ಬಿಟ್ಟು ನನ್ನ ಹಿಂದಿನ ಓಣಿಯನ್ನೇ ನೋಡುತ್ತಿದ್ದ.

"ಒಬ್ಬರೇ ಬಂದೀರೇನ್ರಿ ಭಾಭಿ? ಹಿಂದ ಊರವರು ಯಾರೂ ಇಲ್ಲಲ್ರಿ?"

ಎಲ್ಲ ಹೇಳಿದೆ. ಅವನಿಗೆ ನಂಬಿಕೆ ಬರಲಿಲ್ಲ. "ನನ್ನ ಬಾಗಿಲಾ ಒಡದವರು ನನ್ನ ಹೆಸರು ಬರಸ್ತಾರೇನ್ರಿ?" ಎಂದ. ನಾನು ಶಾಲೂನ ಕುಬುಸದ ಮಾತು ತೆಗೆದೆ. ಸಣ್ಣವಳಿದ್ದಾಗ ಅವಳನ್ನು ಹೆಗಲ ಮೇಲೆ ಹೊತ್ತು ಕುರಿಹಟ್ಟಿಗೆ ಒಯ್ಯುತ್ತಿದ್ದವನು ಅವನು. ತಲೆ ತಗ್ಗಿಸಿಕೊಂಡು ಕೂತ. ಆಮೇಲೆ, "ಶಾಲೂನ ಸಲುವಾಗಿ ಬರ್ತೇನ್ರಿ" ಎಂದ.

"ಮತ್ತ ಅವರು?" ಎಂದೆ, ಯಾವಾಗಲೂ ಕೇಳುವ ಹಾಗೆ.

"ಜೀವಂತ ಅದಾನ್ರಿ ಭಾಭಿ" ಎಂದ, ಯಾವಾಗಲೂ ಹೇಳುವ ಹಾಗೆ.

ಬರುವ ಸೋಮವಾರ ಕಲ್ಲು ಕೂಡಿಸುತ್ತಾರೆ. ಇಬ್ಬರ ಹೆಸರೂ ಕಡೆದಾಗಿದೆ. ಸ್ಮಾರಕ ಎಂಬ ಮಾತು ತೆಗೆಸಿ 'ಸಿಪಾಯಿಗಳ ಚಾವಡಿ' ಎಂದು ಬರೆಸಿದ್ದಾರೆ. ಅಂಜಿ ಬದುಕುತ್ತಿದ್ದವನನ್ನು ಅದೇ ಮಂದಿಯ ನಡುವೆ ಕರೆದವಳು ನಾನು. ಅವನ ಮೇಲೆ ಒಂದು ಕಲ್ಲು ಬಿದ್ದರೂ ಅದು ನನ್ನ ತಲೆಯ ಮೇಲೆ. ದೇವರಲ್ಲಿ ಬೇಡಿಕೊ.

ಮಾಸ್ತರರಿಗೆ ನಮಸ್ಕಾರ ಹೇಳು. ಮಕ್ಕಳು ನೂರು ವರ್ಷ ಬಾಳಲಿ, ನಿನ್ನ ಕುಂಕುಮ ಗಟ್ಟಿಯಾಗಿರಲಿ.

ಇಂತಿ ನಿನ್ನ
ಜನಾ

ತಾ.ಕ.: ಮಡಚಿಟ್ಟ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಇದನ್ನು ಓದಿ ಒಲೆಗೆ ಹಾಕು, ಶಾಲೂಗೆ ತಿಳಿಯಬಾರದು. ನೌಬಾದದಲ್ಲಿ ಹೊರಡಲು ಏಳುವಾಗ ಟ್ರಂಕಿನ ಮೇಲೆ ಒಂದು ಕಂಬಳಿ ಕಂಡಿತು. ಅಂಚಿಗೆ ಕೆಂಪು ದಾರ, ಒಂದು ಮೂಲೆಗೆ ಮಾತ್ರ ಹಳದಿ. ಅವರು ಲಡಾಯಿಗೆ ಹೋಗುವ ಮುಂಚೆ, ಕೆಂಪು ದಾರ ಸಾಲದೆ ಅಲ್ಲಿ ಹಳದಿ ಹಾಕಿದವಳು ನಾನೇ. ನಮ್ಮ ಮಾವ ತೀರಿಕೊಂಡಾಗ ಅವರ ಕಂಬಳಿಯನ್ನು ಕುಣಿ ತೋಡಿ ಮಣ್ಣು ಮಾಡಿದವನಿಗೆ ಕೊಟ್ಟದ್ದನ್ನು ನೀನೂ ನೋಡಿದ್ದೆ. ನಮ್ಮಲ್ಲಿ ಅದು ಬೇರೆ ಯಾರ ಕೈಗೂ ಹೋಗುವುದಿಲ್ಲ. ಆ ಪದ್ಧತಿಯನ್ನು ಶಾಲೂನ ಅಪ್ಪನೇ ಅವನಿಗೆ ಹೇಳಿರಬೇಕು. ನಾನು ನೋಡಿದ್ದನ್ನು ಬಾಬುಮಿಯಾ ನೋಡಿದ. "ಜೀವಂತ ಅದಾನ್ರಿ ಭಾಭಿ" ಎಂದು ಮತ್ತೊಮ್ಮೆ ಹೇಳಿದ, ಈ ಸಲ ಅಳುತ್ತಿದ್ದ. "ಹೌದ್ರಿ ಭಾಯಿ" ಎಂದು ಮೋಟಾರಿಗೆ ನಡೆದೆ.

ಧೊಂಡಿಬಾ. ನೋಡು, ಹೆಸರು ಬರೆದೆ. ಇನ್ನು ಕಡಿಮೆಯಾಗಲು ಆಯುಷ್ಯವಿಲ್ಲ.

ಬೆಳಿಗ್ಗೆ ಕುಂಕುಮ ಹಚ್ಚಿಕೊಂಡೆ, ನಾಳೆಯೂ ಹಚ್ಚಿಕೊಳ್ಳುತ್ತೇನೆ. ಆದರೆ ಈ ಕೈಯಿಂದ ಉಡಿ ತುಂಬಿದರೆ ಶಾಲೂನ ಕೂಸಿಗೆ ಏನಾದರೂ ಆದೀತೇ? ನನಗೆ ಬಹಳ ಅಂಜಿಕೆಯಾಗುತ್ತಿದೆ ಕೌಸಲ್ಯಾ. 'ಏನೂ ಆಗೂದಿಲ್ಲ, ಹೋಗು' ಎಂದು ಒಂದೇ ಸಾಲು ಬರೆದು ಕಳಿಸು. ಸುಳ್ಳಾದರೂ ನಡೆಯುತ್ತದೆ.