ಎರಡು ನಿಮಿಷದ ವಿಶ್ರಾಂತಿ ಕಸಿದುಕೊಂಡವರ ಪರವಾಗಿ

ಮಾನ್ಯ ಕ್ರೀಡಾ ವಿಭಾಗದ ಮುಖ್ಯಸ್ಥರೇ,

ನಮ್ಮ ಬಸ್ ಸಂಸ್ಥೆಯ ಮಹಿಳಾ ಫುಟ್‌ಬಾಲ್ ತಂಡದ ಆಟಗಾರ್ತಿಯೊಬ್ಬಳು ಅಭ್ಯಾಸದ ವೇಳೆ ಗಾಯಗೊಂಡದ್ದರ ಕುರಿತು ತಮ್ಮ ವಿಚಾರಣಾ ವರದಿ ಹೊರಬಂದು ತಿಂಗಳಾಯಿತು. 'ಮೊದಲೇ ಇದ್ದ ನೋವನ್ನು ಆಟಗಾರ್ತಿ ಮುಚ್ಚಿಟ್ಟದ್ದೇ ಅವಘಡಕ್ಕೆ ಕಾರಣ' ಎಂದು ಅದರಲ್ಲಿದೆ. ಈ ವಾಕ್ಯ ಸುಳ್ಳು. ನನಗೆ ಖಚಿತವಾಗಿ ಗೊತ್ತು, ಏಕೆಂದರೆ ಆ ತಂಡದ ಸಹಾಯಕ ತರಬೇತುಗಾರ್ತಿ ನಾನೇ. ಅವಳು ನೋವು ಹೇಳಿಕೊಂಡದ್ದು ನನ್ನ ಬಳಿಯೇ. ತಮ್ಮೆದುರು ಕೂತು 'ಹೇಳಿದ ನೆನಪಿಲ್ಲ' ಎಂದವಳೂ ನಾನೇ.

ವರದಿ ಬಂದ ವಾರವೇ ತಮ್ಮ ಕಚೇರಿಯಿಂದ ನನಗೊಂದು ಪ್ರಶಂಸಾಪತ್ರ ಬಂತು. 'ಶಿಸ್ತುಬದ್ಧ ತರಬೇತಿಗಾಗಿ' ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ಎಲ್ಲರಂತೆ ನಾನೂ ಕೇಳಿದ್ದೆ. ಎಮ್ಮೆಗೆ ಬರೆ ಬಿದ್ದ ಮೇಲೆ ಎತ್ತಿನ ಕೊರಳಿಗೆ ಹಾರವನ್ನೂ ಹಾಕುತ್ತಾರೆಂದು ಅವತ್ತು ತಿಳಿಯಿತು. ಆ ಪತ್ರವನ್ನು ಮೊನ್ನೆ ತಮ್ಮ ಕಚೇರಿಗೆ ಮರಳಿಸಿದ್ದೇನೆ.

ಗಾಯಗೊಂಡವಳು ನಮ್ಮದೇ ಬಸ್ಸಿನ ಕಂಡಕ್ಟರ್. ಬೆಳಿಗ್ಗೆ ಐದೂವರೆಗೆ ಡಿಪೋಗೆ ಬಂದರೆ ಮಧ್ಯಾಹ್ನ ಎರಡರವರೆಗೂ ನಿಂತೇ ಇರುತ್ತಾಳೆ, ನಾಲ್ಕಕ್ಕೆ ಮೈದಾನದಲ್ಲಿ ಹಾಜರು. ಆಡುವುದು ಎಡಬದಿಯಲ್ಲಿ. ಆದರೆ ಬಸ್ ಹೊರಡಿಸಿದ ಅಭ್ಯಾಸಬಲ ನೋಡಿ, ಚೆಂಡು ಕೊಡುವಾಗಲೂ 'ರೈಟ್, ರೈಟ್' ಎನ್ನುತ್ತಾಳೆ. ಹಾಗಾಗಿ ತಂಡದಲ್ಲಿ ಅವಳ ಹೆಸರೇ ರೈಟ್. ಅವಳ ಕೂಗು ನಂಬಿ ಹೊಸಬರು ಬಲಕ್ಕೆ ಓಡಿ ಪೆಚ್ಚಾದದ್ದುಂಟು.

ಮೈದಾನದ ಒಂದು ಸಂಗತಿಯನ್ನು ತಮಗೆ ಆಗಲೇ ಹೇಳಬೇಕಿತ್ತು, ಈಗ ಹೇಳುತ್ತೇನೆ. ಅಭ್ಯಾಸದಲ್ಲಿ ನಾವು ಪೂರ್ತಿ ಪಂದ್ಯ ಆಡಿಸುವುದು ಕಡಿಮೆ. ಚಿಕ್ಕ ಅಂಕಣದಲ್ಲಿ ನಾಲ್ವರ ಎದುರು ನಾಲ್ವರನ್ನು ಬಿಟ್ಟು, ನಾಲ್ಕು ನಿಮಿಷ ಆಡಿಸಿ, ಎರಡು ನಿಮಿಷ ಕೂರಿಸುತ್ತೇವೆ. ಹೀಗೆ ಆರು ಸುತ್ತು. ನೋಡುವವರಿಗೆ ಇದು ಮಕ್ಕಳಾಟದಂತೆ ಕಾಣಬಹುದು. ಆದರೆ ಜನ ಕಡಿಮೆಯಾದಷ್ಟೂ ಚೆಂಡು ಪ್ರತಿಯೊಬ್ಬಳ ಬಳಿಗೂ ಮತ್ತೆ ಮತ್ತೆ ಬರುತ್ತದೆ. ಓಡಬೇಕು, ಗಕ್ಕನೆ ನಿಲ್ಲಬೇಕು, ತಿರುಗಿ ಮತ್ತೆ ಓಡಬೇಕು. ಜಾಗ ಅಷ್ಟೇ ಇಟ್ಟು ಒಬ್ಬಳನ್ನು ಕಳೆದರೆ ಅವಳ ಪಾಲಿನ ನೆಲವನ್ನೂ ಉಳಿದವರೇ ಓಡಬೇಕು. ಜನ ಎಷ್ಟು, ಜಾಗ ಎಷ್ಟು, ಹೊತ್ತು ಎಷ್ಟು, ವಿಶ್ರಾಂತಿ ಎಷ್ಟು ಎಂದು ತೂಗಿ, ಬೆಳಿಗ್ಗೆಯಿಂದ ಬಸ್ಸಿನಲ್ಲಿ ನಿಂತ ಕಾಲುಗಳು ಎಷ್ಟು ಹೊರೆ ತಾಳುತ್ತವೆಂದು ನೋಡುವುದೇ ನನ್ನ ಕೆಲಸ. ಅದಕ್ಕೇ ನನಗೆ ಸಂಬಳ.

ಪಂದ್ಯಾವಳಿಗೆ ಮೂರು ವಾರವಿರುವಾಗ ತಾವು ಮೈದಾನಕ್ಕೆ ಬರತೊಡಗಿದಿರಿ. ಮೆಟ್ಟಿಲ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿರಿ. ಮೊದಲ ದಿನವೇ ನನ್ನನ್ನು ಕರೆದು, "ಏನಮ್ಮ, ಇವರು ಆಡೋದಕ್ಕಿಂತ ಕೂರೋದೇ ಜಾಸ್ತಿ ಆಯ್ತಲ್ಲ?" ಎಂದಿರಿ.

"ಸುಧಾರಿಸ್ಕೊಳ್ತಿದಾರೆ ಸರ್."

"ಮನೆಗೆ ಹೋಗಿ ಸುಧಾರಿಸ್ಕೊಳ್ಳಲಿ. ಇಲ್ಲಿ ಓಡಲಿ."

ಕುರ್ಚಿಯಲ್ಲಿ ಕೂತವರಿಗೆ ಬೇರೆಯವರು ಕೂರುವುದು ಕಣ್ಣಿಗೆ ಅಷ್ಟೊಂದು ಚುಚ್ಚುವುದೇಕೆ ಎಂದು ಆಗ ಕೇಳಬಹುದಿತ್ತು. ಕೇಳಲಿಲ್ಲ. ನನ್ನ ಹುದ್ದೆಯನ್ನು ಖಾಯಂ ಮಾಡುವ ಕಡತ ತಮ್ಮ ಮೇಜಿನ ಮೇಲಿತ್ತು. ಮರುದಿನದಿಂದ ಎರಡು ನಿಮಿಷ ಒಂದಾಯಿತು. ತಾವು ಬಂದ ದಿನ ಅರ್ಧವಾಯಿತು. ಹೀಗೆ ಮಾಡಿ ಎಂದು ತಾವು ಬರವಣಿಗೆಯಲ್ಲಿ ಆದೇಶ ಕೊಡಲಿಲ್ಲ, ನಿಜ. ನನ್ನಂಥವರು ಇರುವಾಗ ಆದೇಶದ ಅಗತ್ಯವಾದರೂ ಏನು?

ಅವಳು ಗಾಯಗೊಂಡ ಆ ಗುರುವಾರ ಇಬ್ಬರಿಗೆ ಡಬಲ್ ಡ್ಯೂಟಿ ಬಿದ್ದು, ನನ್ನ ಗುಂಪಿನ ಎಂಟು ಜನರಲ್ಲಿ ಆರೇ ಜನ ಬಂದರು. ಮೂವರ ಎದುರು ಮೂವರು. ಅಂಕಣ ಕಿರಿದು ಮಾಡಬೇಕಿತ್ತು, ಗುರುತಿಗಿಟ್ಟ ಕೋನ್‌ಗಳನ್ನು ನಾಲ್ಕು ಹೆಜ್ಜೆ ಒಳಗೆ ಸರಿಸಿದ್ದರೆ ಸಾಕಿತ್ತು. ಬಗ್ಗಿ ಒಂದನ್ನು ಕೈಗೆತ್ತಿಕೊಂಡೆ ಕೂಡ. "ಇನ್ನೂ ಚಿಕ್ಕದು ಮಾಡ್ತೀಯಾ? ಮನೆ ಅಂಗಳದಲ್ಲೇ ಆಡಿಸಬಹುದಿತ್ತಲ್ಲ," ಎಂದಿರಿ ತಾವು. ಪಕ್ಕದಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಕೋನನ್ನು ಇದ್ದಲ್ಲೇ ಇಟ್ಟೆ.

ಐದನೇ ಸುತ್ತು ಮುಗಿದಾಗ ರೈಟ್ ತೊಡೆಯ ಹಿಂಭಾಗ ಒತ್ತಿಕೊಳ್ಳುತ್ತ ಗೆರೆಯ ಬಳಿ ಬಂದಳು.

"ಅಕ್ಕಾ, ಹಿಂದೆ ಏನೋ ಎಳೀತಿದೆ. ಬೆಳಿಗ್ಗೆಯಿಂದಾನೂ ಇತ್ತು, ಈಗ ಜಾಸ್ತಿ ಆಗಿದೆ. ಈ ಸುತ್ತು ಬಿಡ್ತೀನಿ."

ನಾನು ಮೆಟ್ಟಿಲ ಕಡೆ ನೋಡಿದೆ. ತಾವು ಕೈಗಡಿಯಾರ ನೋಡಿಕೊಳ್ಳುತ್ತಿದ್ದಿರಿ.

"ಬಸ್ಸಲ್ಲಿ ನಿಂತು ನಿಂತು ಹಿಡ್ಕೊಂಡಿರತ್ತೆ, ಓಡಿದ್ರೆ ಬಿಡತ್ತೆ. ಇದೊಂದು ಸುತ್ತು ಆಡಮ್ಮ," ಅಂದೆ.

ಅವಳು ನನ್ನನ್ನು ನೋಡಿ, ಆಮೇಲೆ ತಮ್ಮ ಕಡೆಗೂ ಒಮ್ಮೆ ನೋಡಿ, "ಸರಿ ಅಕ್ಕಾ," ಎಂದು ಒಳಗೆ ಹೋದಳು. ಎರಡನೇ ನಿಮಿಷದಲ್ಲಿ ಚೆಂಡಿನ ಹಿಂದೆ ತಿರುಗಿ ಓಡಿದವಳು, ಯಾರೋ ಕಲ್ಲು ಬೀಸಿ ಹೊಡೆದಂತೆ ತೊಡೆ ಹಿಡಿದು ಕುಸಿದಳು. ಹತ್ತಿರ ಯಾರೂ ಇರಲಿಲ್ಲ. ಸ್ನಾಯು ಮೂಳೆಯಿಂದಲೇ ಕಿತ್ತುಬಂದಿದೆ, ಶಸ್ತ್ರಚಿಕಿತ್ಸೆ ಆಗಬೇಕು, ಎಂಟು ತಿಂಗಳು ಓಡುವಂತಿಲ್ಲ ಎಂದರು ವೈದ್ಯರು.

ವಿಚಾರಣೆಯ ದಿನ ತಾವು, "ನೋವಿದೆ ಅಂತ ಆಕೆ ನಿನಗೆ ಹೇಳಿದ್ಲಾ?" ಎಂದು ಕೇಳಿದಿರಿ. ಹತ್ತು ಹೆಜ್ಜೆ ದೂರದಲ್ಲಿದ್ದ ತಮಗೆ ಅವಳು ತೊಡೆ ಒತ್ತಿಕೊಂಡದ್ದು ಕಂಡಿತ್ತೋ ಇಲ್ಲವೋ, ಅದನ್ನು ತಮ್ಮ ಮನಸ್ಸಿಗೇ ಬಿಡುತ್ತೇನೆ. ನಾನು "ನೆನಪಿಲ್ಲ ಸರ್" ಅಂದೆ. ನಿಜ ಹೇಳಲು ಧೈರ್ಯ ಬೇಕು, ಸುಳ್ಳು ಹೇಳಲೂ ಸ್ವಲ್ಪ ಬೇಕು. ನೆನಪಿಲ್ಲ ಎನ್ನಲು ಏನೂ ಬೇಡ. ಆ ಒಂದು ಮಾತಿನಿಂದ ಅವಳ ಗಾಯ ಕೆಲಸದ ಮೇಲಾದದ್ದಲ್ಲ ಎಂದಾಯಿತು. ವಿಶೇಷ ರಜೆ ಸಿಗಲಿಲ್ಲ, ಹೆಸರು ತಂಡದಿಂದ ಹೋಯಿತು. ನನ್ನ ಕಡತಕ್ಕೆ ಸಹಿ ಬಿತ್ತು.

ಕಳೆದ ಭಾನುವಾರ ಅವಳ ಮನೆಗೆ ಹೋದೆ. ಬಾಗಿಲು ತೆರೆದ ಅವಳ ಗಂಡ ನನ್ನನ್ನು ಕಂಡು ಬಟ್ಟೆ ಒಣಹಾಕಲು ಹೋದ. ಅವಳು ಪಟ್ಟಿ ಬಿಗಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿ, ಮಗಳ ಶಾಲೆಯ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು.

"ನೆನಪಿಲ್ಲ ಅಂದ್ರಂತೆ?"

"ಅಂದೆ."

"ನೆನಪಿತ್ತಾ?"

"ಇತ್ತು. ತಪ್ಪಾಯ್ತು ಕಣೇ."

ಅವಳು ದಾರವನ್ನು ಹಲ್ಲಿನಿಂದ ಕಡಿದಳು. "ಅದನ್ನ ನನಗ್ಯಾಕೆ ಹೇಳ್ತೀರಕ್ಕ? ನನಗೆ ಗೊತ್ತಿರೋದೇ ತಾನೆ. ಗೊತ್ತಿಲ್ಲದವ್ರಿಗೆ ಹೇಳಿ."

ಅಲ್ಲಿಗೆ ಮಾತು ಮುಗಿಯಿತು. ಮೆಟ್ಟಿಲಿಳಿಯುವಾಗ, ನಾನು ಬಂದದ್ದು ತಪ್ಪೊಪ್ಪಿಕೊಳ್ಳಲೋ, ಅವಳ ಬಾಯಲ್ಲಿ 'ಹೋಗಲಿ ಬಿಡಿ' ಎನ್ನಿಸಿಕೊಂಡು ಹಗುರಾಗಲೋ ಎಂದು ನನ್ನನ್ನೇ ಕೇಳಿಕೊಂಡೆ. ಉತ್ತರ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಆದ್ದರಿಂದ ಗೊತ್ತಿಲ್ಲದವರೆಲ್ಲ ಓದುವ ಪತ್ರಿಕೆಯಲ್ಲಿ ಇದನ್ನು ಬರೆಯುತ್ತಿದ್ದೇನೆ. ವರದಿಯ ಆ ವಾಕ್ಯವನ್ನು ಹೊಡೆದುಹಾಕಿ. ಆಟಗಾರ್ತಿ ನೋವು ಹೇಳಿದ್ದಳು, ತರಬೇತುಗಾರ್ತಿ ಕೇಳಿಸಿಕೊಂಡೂ ಆಡಿಸಿದಳು ಎಂದು ಅಲ್ಲಿ ಬರೆಯಿರಿ. ಅವಳ ರಜೆಯನ್ನು ಕೊಡಿ, ಹೆಸರನ್ನು ತಂಡಕ್ಕೆ ಮರಳಿಸಿ. ನನ್ನ ಮೇಲೆ ಏನು ಕ್ರಮವೋ ಜರುಗಿಸಿ, ಮರುವಿಚಾರಣೆಗೆ ಯಾವತ್ತು ಕರೆದರೂ ಬರುತ್ತೇನೆ. ಆದರೆ ಅವತ್ತು ಪ್ರಶ್ನೆ ಕೇಳುವ ಕುರ್ಚಿಯಲ್ಲಿ ಬೇರೆ ಯಾರಾದರೂ ಕೂರಲಿ. ತಾವು ಮೇಜಿನ ಈಚೆ, ನನ್ನ ಪಕ್ಕದಲ್ಲಿ ಕೂರಬೇಕು.

ಇಂತಿ,
ತಲೆ ತಗ್ಗಿಸಿಕೊಂಡೇ ಸಹಿ ಹಾಕುತ್ತಿರುವ,
ಮೊನ್ನೆಯಷ್ಟೇ ಖಾಯಂ ಆದ ಸಹಾಯಕ ತರಬೇತುಗಾರ್ತಿ