ಹೊಸ್ತಿಲ ಹೊರಗಿನ ಎಲೆ

ಅಣ್ಣಾ,

ನಿನ್ನ ವಿಳಾಸ ಇನ್ನೂ ಸಿಕ್ಕಿಲ್ಲ, ಆದರೆ ಬಚ್ಚಜ್ಜ ಸಿಕ್ಕಿದ! ಕಳವಿನ ಆರೋಪಕ್ಕೆ ಬ್ರಿಟಿಷರು ಕೈದಿ ಮಾಡಿ ಹಡಗು ಹತ್ತಿಸಿದ ನಮ್ಮ ಹಿರಿಯ ಹೋಗಿ ಸೇರಿದ್ದು ಆಸ್ಟ್ರೇಲಿಯವನ್ನಂತೆ. ನನ್ನ ಮಗಳು ಸುರಕ್ಷಾಳ ಡಿಎನ್‌ಎ ಪರೀಕ್ಷೆ ಅವನ ಅಲ್ಲಿನ ಸಂತತಿಯ ಹೆಲೆನ್ ಎಂಬವಳ ಜೊತೆ ತಾಳೆಯಾಯಿತು. ನಿನ್ನೆ ಅವಳು ಗಂಗೊಳ್ಳಿಗೇ ಬಂದಳು. ಅಜ್ಜ ಕದ್ದದ್ದೇನು, ಅಲ್ಲಿ ಮೀನು ಹಿಡಿದನೇ ಎಂದು ಕೇಳಿ ಕೇಳಿ ಅವಳ ತಲೆ ತಿಂದೆ. ಕುರಿ ಕಾಯುತ್ತಿದ್ದನಂತೆ! ಕದ್ದದ್ದೇನೆಂದು ಅವಳಿಗೂ ಗೊತ್ತಿಲ್ಲ.

ಹಿರಿಯರಿಗೆ ಬಡಿಸುವ ದಿನವೂ ನಿನ್ನೆಯೇ. ಅಮ್ಮ ಎಂದಿನಂತೆ ಎಲ್ಲರಿಗೂ ಒಳಗೆ, ಬಚ್ಚಜ್ಜನಿಗೆ ಮಾತ್ರ ಹೊಸ್ತಿಲ ಹೊರಗೆ ಎಲೆ ಹಾಕಿದಳು. ಹೆಲೆನ್ ಏನೋ ಕೇಳಿದಳು.

"ಅಜ್ಜನ್ ಎಲೆ ಹೊರ್ಗೆ ಎಂತಕೆ ಅಂತ ಕೇಂತಾ ಇದ್ರ್" ಎಂದಳು ಸುರಕ್ಷಾ.

"ಜೈಲಿಗ್ ಹೋದವ್ರಲ್ದಾ" ಎಂದ ಅಮ್ಮ, ಹೊಸ್ತಿಲನ್ನೇ ನೋಡುತ್ತ ನಿಂತುಬಿಟ್ಟಳು. ನೀನು ಜೈಲಿನಿಂದ ಬಂದ ದಿನ ಚೀಲ ಹಿಡಿದು ನಿಂತದ್ದೂ ಅಲ್ಲೇ. ತಿರುಗಿ ಹೋದದ್ದೂ ಅಲ್ಲಿಂದಲೇ.

ಆಮೇಲೆ ಅಮ್ಮನೇ ಆ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿ, ಒಂದು ಅಗುಳೂ ಚೆಲ್ಲದಂತೆ ಒಳಗೆ ತಂದಳು.

"ಮಾವನಿಗೂ ಒಂದ್ ಎಲೆ ಹಾಕುದಾ?" ಎಂದು ಸುರಕ್ಷಾ ಮೆಲ್ಲಗೆ ಕೇಳಿದಳು.

ಅಮ್ಮ ಸಿಡುಕಿದಳು: "ಎಲೆ ಹಾಕುದ್ ಸತ್ತವ್ರಿಗೆ. ಅಂವ ಬಂದ್ ಉಂಬವ."